ಬೀಳ್ಕೊಡುಗೆ ಇತ್ತೆ

ಕಡಬ ತಾಲೂಕಿನಲ್ಲಿ ನಾನು ಓದಿದ ಕಾಲೇಜು ಎಷ್ಟು ಚಿಕ್ಕದೆಂದರೆ, ಒಬ್ಬ ಸೀನಿದರೆ ಉಳಿದವರಿಗೆಲ್ಲ ಅದು ಸುದ್ದಿ. ಆದರೂ ಸುದ್ದಿ ಹೇಳುವುದಕ್ಕೆ ಅಲ್ಲೊಂದು ಶಿಸ್ತು ಇತ್ತು. ರಕ್ತದಾನ ಶಿಬಿರ, ಭಾಷಣ ಸ್ಪರ್ಧೆ, ತ್ರೋಬಾಲ್ ತಂಡದ ಆಯ್ಕೆ, ಯಾರೂ ಕೇಳಲು ಬಯಸದ ಯಾರದೋ ವಿಶೇಷ ಉಪನ್ಯಾಸ, ಎಲ್ಲವನ್ನೂ ಪ್ರಾಂಶುಪಾಲರು ಉದ್ದನೆಯ ನೋಟೀಸು ಪುಸ್ತಕದಲ್ಲಿ ಬರೆಯುತ್ತಿದ್ದರು. ಅದನ್ನು ಎದೆಗೆ ಅವಚಿಕೊಂಡು ಅಟೆಂಡರ್ ಅಕ್ಕ ಕ್ಲಾಸಿನಿಂದ ಕ್ಲಾಸಿಗೆ ಹೋಗುತ್ತಿದ್ದರು. ಪಾಠ ಮಾಡುತ್ತಿದ್ದವರು ಪಾಠ ನಿಲ್ಲಿಸಿ, ನೋಟೀಸನ್ನು ಗಟ್ಟಿಯಾಗಿ ಓದಿ, ಸಹಿ ಹಾಕಬೇಕು. ಸಹಿ ಬೀಳುವವರೆಗೆ ಅಕ್ಕ ಬಾಗಿಲಿಂದ ಕದಲುತ್ತಿರಲಿಲ್ಲ.

ಒಂದೇ ನೋಟೀಸು, ಆದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕನ್ನಡ ಮೇಡಮ್ ಓದಿದರೆ ರಕ್ತದಾನ ಶಿಬಿರಕ್ಕೂ ಕಣ್ಣು ತೇವವಾಗುತ್ತಿತ್ತು. ಅರ್ಥಶಾಸ್ತ್ರದ ಸರ್ ಘಟ್ಟದ ಮೇಲಿನವರು; ಅವರು ಓದಿದರೆ ನಮ್ಮನ್ನು ಶಿಬಿರಕ್ಕೆ ಕರೆಯುತ್ತಿದ್ದಾರೋ ಜಗಳಕ್ಕೋ ತಿಳಿಯುತ್ತಿರಲಿಲ್ಲ. ನನ್ನ ವಿದ್ಯಾಭ್ಯಾಸವೆಲ್ಲ ನಡೆದದ್ದು ಆ ಎರಡೆರಡು ನಿಮಿಷಗಳಲ್ಲಿ. ಪಾಠ ಶುರುವಾದ ಕೂಡಲೇ ನಾನು ಕಿವಿ ಮುಚ್ಚುತ್ತಿದ್ದೆ. ಬಿಕಾಂ ಮುಗಿಸಿ ಹೊರಬರುವಾಗ ನನಗೆ ಲೆಕ್ಕಪತ್ರ ಬರುತ್ತಿರಲಿಲ್ಲ, ಲೆಕ್ಕಪತ್ರ ಕಲಿಸಿದವರ ಮೂಗಿನ ಸ್ವರ ಮಾತ್ರ ಚೆನ್ನಾಗಿ ಬರುತ್ತಿತ್ತು.

ಅನುಕರಣೆಯಲ್ಲಿ ನನಗೆ ಚೆನ್ನಾಗಿ ಸಿಕ್ಕಿದವರೆಂದರೆ ಪ್ರಾಂಶುಪಾಲರು. ಅವರಿಗೆ ಮೊಬೈಲಿನಲ್ಲಿ ಟೈಪ್ ಮಾಡಲು ಬರುತ್ತಿರಲಿಲ್ಲ. ತುರ್ತು ಸುದ್ದಿಯಿದ್ದರೆ ಧ್ವನಿ ಸಂದೇಶ ಮಾಡಿ ಕಛೇರಿಯ ಗುಮಾಸ್ತರಿಗೆ ಕಳಿಸುವರು, ಗುಮಾಸ್ತರು ಅದನ್ನು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕುವರು. ಆ ಧ್ವನಿಯಲ್ಲಿ ಮೊದಲು ಒಂದು ‘ಹ್ಞೂಂ’, ಆಮೇಲೆ ‘ಅದು ಎಂತ ಹೇಳಿದ್ರೆ’, ಕೊನೆಗೆ ‘ಕಡ್ಡಾಯ’. ನಡುವೆ ಏನು ಹೇಳಿದರೂ ನಡೆಯುತ್ತದೆ. ಹಾಗೆಂದು ಗೊತ್ತಾದದ್ದೇ ನನ್ನ ತಪ್ಪು.

ಕೊನೆಯ ವರ್ಷ ಒಂದು ಗುರುವಾರ ನಾನೇ ಪ್ರಾಂಶುಪಾಲರಾದೆ. ‘ಹ್ಞೂಂ. ಅದು ಎಂತ ಹೇಳಿದ್ರೆ, ನಾಳೆ ಆರೋಗ್ಯ ತಪಾಸಣೆ ಉಂಟು. ಎಲ್ಲರೂ ತಲೆಗೆ ಎಣ್ಣೆ ಹಾಕಿ ಬರುದು. ಹುಡುಗರು, ಹುಡುಗಿಯರು ಅಂತ ಇಲ್ಲ. ಕಡ್ಡಾಯ.’ ಗೆಳೆಯನೊಬ್ಬನ ಹೊಸ ನಂಬರಿನಿಂದ ಅದನ್ನು ಗುಮಾಸ್ತರಿಗೆ ಕಳಿಸಿದೆವು. ಅವರು ಕೇಳಿದ್ದು ಸ್ವರ, ನೋಡಲಿಲ್ಲ ನಂಬರು. ಮರುದಿನ ಬೆಳಿಗ್ಗೆ ಅರ್ಧ ಕಾಲೇಜು ಮಿರಮಿರ ಮಿಂಚುತ್ತ ಬಸ್ಸಿನಿಂದ ಇಳಿಯಿತು. ನೆಲ್ಯಾಡಿ ಕಡೆಯ ಹುಡುಗಿಯರು ತೆಂಗಿನೆಣ್ಣೆಯಲ್ಲಿ ಯಾವತ್ತೂ ನಮಗಿಂತ ಒಂದು ಕೈ ಮುಂದೆ. ಅವತ್ತು ಎರಡು ಕೈ. ಗುಮಾಸ್ತರ ಹಣೆಯ ಮೇಲೆ ಎಣ್ಣೆ ಇಳಿದು ಕನ್ನಡಕ ಜಾರುತ್ತಿತ್ತು.

ಪ್ರಾಂಶುಪಾಲರು ನನ್ನನ್ನು ಕರೆಸಿದರು. ಬಯ್ಯಲಿಲ್ಲ. ಆ ಸಂದೇಶವನ್ನು ಮೂರು ಸಲ ಹಾಕಿ ಕೇಳಿದರು.

‘ನನ್ನ ಸ್ವರ ಇಷ್ಟು ಸಪೂರ ಉಂಟಾ?’ ಎಂದರು.

‘ಫೋನಿನಲ್ಲಿ ಹಾಗೆ ಕೇಳ್ತದೆ ಸರ್.’

‘ಹ್ಞೂಂ’ ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ‘ಹೋಗು.’

ಇದರ ಫಲ ನನಗೆ ಬರಲಿಲ್ಲ, ಅಕ್ಕನ ತಲೆಯ ಮೇಲೆ ಬಂತು.

ಅಕ್ಕ ಸುಳ್ಯ ಕಡೆಯ ಅರೆಭಾಷೆ ಮನೆಯವರು, ಮದುವೆಯಾಗಿ ಈ ಕಡೆಗೆ ಬಂದವರು. ಪ್ರಾಂಶುಪಾಲರಿಗಿಂತ ದೊಡ್ಡವರು, ಹಾಗಾಗಿ ಅವರಿಗೂ ಅಕ್ಕ. ಆ ವರ್ಷ ನಿವೃತ್ತಿ. ಬೀಳ್ಕೊಡುಗೆಗೆ ಎಂತ ಬೇಕು ಎಂದು ಕನ್ನಡ ಮೇಡಮ್ ಕೇಳಿದ್ದಕ್ಕೆ ಅವರು ಹೇಳಿದ್ದು ಕಾಲೇಜಿಗೆಲ್ಲ ಗೊತ್ತಿತ್ತು: ‘ಎಂತದೂ ಬೇಡ. ಇಷ್ಟು ವರ್ಷ ಎಲ್ಲಾ ಕಾರ್ಯಕ್ರಮ ನಾನು ಬಾಗಿಲಲ್ಲಿ ನಿಂತು ನೋಡಿದ್ದು, ಹಾರದ ತಟ್ಟೆ ಹಿಡ್ಕೊಂಡು. ಒಂದು ಸಲ ಒಳಗೆ ಕೂರ್ಬೇಕು. ಹಾಲ್ ತುಂಬಿರ್ಬೇಕು. ಅಷ್ಟೇ.’

ಅದು ಶನಿವಾರ ಎರಡು ಗಂಟೆಗೆಂದು ನಿಗದಿಯಾಯಿತು. ಅಂದು ಬೆಳಿಗ್ಗೆ ಕ್ಲಾಸಿರಲಿಲ್ಲ. ಕೆಲವರು ಮೈದಾನದಲ್ಲಿ, ಕೆಲವರು ಕ್ಯಾಂಟೀನಿನಲ್ಲಿ, ಕೆಲವರು ಮನೆಗೆ ಹೋಗಿ ಉಂಡು ಬರುವ ಅಂದಾಜಿನಲ್ಲಿ ಬಸ್ ನಿಲ್ದಾಣದಲ್ಲಿ. ಹನ್ನೊಂದು ಗಂಟೆಗೆ ಕಾಲೇಜು ನಡೆಸುವ ಮಂಡಳಿಯ ಸಂಚಾಲಕರು ಇದ್ದಕ್ಕಿದ್ದಂತೆ ಕಾರಿನಿಂದ ಇಳಿದರು. ಎರಡು ಗಂಟೆಗೆ ಅವರಿಗೆ ಪುತ್ತೂರಿನಲ್ಲಿ ಇನ್ನೊಂದು ಕಾರ್ಯಕ್ರಮ. ನಮ್ಮ ಕಡೆ ಗಣ್ಯರೆಂದರೆ ಯಾವಾಗಲೂ ಇನ್ನೊಂದು ಕಾರ್ಯಕ್ರಮ ಇರುವವರು. ಶಾಲು ಹೊದಿಸುವುದು ಅವರೇ ಆದ್ದರಿಂದ ಹೊದಿಸುವುದಿದ್ದರೆ ಈಗಲೇ.

ನಾನು ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಸುತ್ತಲಿನ ಫೋನುಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು.

‘ಹ್ಞೂಂ. ಅದು ಎಂತ ಹೇಳಿದ್ರೆ, ಅಕ್ಕನ ಬೀಳ್ಕೊಡುಗೆ ಎರಡು ಗಂಟೆಗೆ ಅಲ್ಲ. ಈಗಲೇ. ಎಲ್ಲರೂ ಹಾಲಿಗೆ ಬರುದು. ಕಡ್ಡಾಯ.’

ಇಡೀ ಕ್ಯಾಂಟೀನ್ ತಿರುಗಿ ನನ್ನನ್ನು ನೋಡಿತು.

‘ಸಾಕು ಮಾರಾಯ’ ಎಂದ ಕೊಯಿಲದಿಂದ ಬರುವ ನನ್ನ ಬೆಂಚಿನವನು. ‘ಅಕ್ಕನ ಹೆಸರಲ್ಲೂ ಮಾಡುದಾ? ಸ್ವಲ್ಪ ಮರ್ಯಾದೆ ಬೇಡ್ವಾ ನಿಂಗೆ?’

‘ನಾನಲ್ಲ. ನೋಡು, ಎರಡೂ ಕೈಯಲ್ಲಿ ಗೋಳಿಬಜೆ ಉಂಟು.’

‘ಮೊದಲೇ ಮಾಡಿ ಇಟ್ಟಿರ್ತಿ.’

ಕ್ಯಾಂಟೀನ್ ನಡೆಸುವ ಬ್ಯಾರಿ ಕಾಕ ಬಾಣಲೆಯಿಂದ ತಲೆಯೆತ್ತದೆ ತೀರ್ಪು ಕೊಟ್ಟರು. ‘ಎಣ್ಣೆದ್ದು ಒಳ್ಳೇದಿತ್ತು. ಇದರಲ್ಲಿ ಸ್ವರ ಕೂರ್ಲಿಲ್ಲ. ಸ್ವಲ್ಪ ಜಾಸ್ತಿ ಮಾಡಿದ್ದಿ.’

ಅಸಲಿಯೇ ಬಂದು ಮಾತಾಡಿದರೂ ನಕಲಿಯಷ್ಟು ಚೆನ್ನಾಗಿಲ್ಲ ಎನ್ನುವುದನ್ನು ಕೇಳಿ ಒಂದು ಕ್ಷಣ ನನಗೆ ಖುಷಿಯಾದದ್ದು ಸುಳ್ಳಲ್ಲ. ಯಾರೂ ಏಳಲಿಲ್ಲ. ಎರಡು ನಿಮಿಷ ಕಳೆದು ಇನ್ನೊಂದು ಸಂದೇಶ ಬಂತು, ಈ ಸಲ ಅಕ್ಷರದಲ್ಲಿ. ಧ್ವನಿಗೆ ಬೆಲೆಯಿಲ್ಲವೆಂದು ತಿಳಿದ ಪ್ರಾಂಶುಪಾಲರು ಜೀವನದಲ್ಲಿ ಮೊದಲ ಬಾರಿಗೆ, ತಮ್ಮದೇ ನಂಬರಿನಿಂದ, ಟೈಪ್ ಮಾಡಿದ್ದರು.

‘ಅಕ್ಕನ ಬೀಳ್ಕೊಡುಗೆ ಇತ್ತೆ’

ಉತ್ತರಗಳು ಬಂದವು. ‘ಇಲ್ಲ ಸರ್, ಎರಡು ಗಂಟೆಗೆ ಇರುದು.’ ‘ಗೊತ್ತಿಲ್ಲ ಸರ್, ನಾನು ಬಸ್‌ಸ್ಟಾಂಡಲ್ಲಿ ಇದ್ದೇನೆ.’ ‘ನಿನ್ನೆ ಇತ್ತಾ?’ ಯಾವ ವಿಷಯಕ್ಕೂ ಮೇಷ್ಟ್ರುಗಳಿಗೆ ಬೆಣ್ಣೆ ಹಚ್ಚುವ ಒಬ್ಬ ನಮ್ಮ ಕ್ಲಾಸಿನಲ್ಲಿದ್ದ, ಅವನು ಬರೆದ: ‘ಇತ್ತು ಸರ್. ತುಂಬಾ ಚೆನ್ನಾಗಿತ್ತು.’

‘ಪ್ರಿನ್ಸಿಪಾಲರಿಗೆ ಗೊತ್ತಿಲ್ಲದೆ ಬೀಳ್ಕೊಡುಗೆ ಆಯ್ತಾ?’ ಎಂದು ಬೆಂಚಿನವನಿಗೆ ಆಶ್ಚರ್ಯ.

ನಾನು ಅಭ್ಯಾಸಬಲದಿಂದ ಆ ಸಾಲನ್ನು ಪ್ರಾಂಶುಪಾಲರ ಸ್ವರದಲ್ಲೇ ಓದಿದೆ. ಓದಿದ ಕೂಡಲೇ ವಿಷಯ ಹೊಳೆಯಿತು. ಅವರ ಮನೆಮಾತು ತುಳು. ಗಡಿಬಿಡಿಯಾದರೆ ಕನ್ನಡದ ವಾಕ್ಯಕ್ಕೂ ತುಳುವಿನ ಬಾಲ ಬರುತ್ತಿತ್ತು. ಅವರು ‘ಇತ್ತೇ?’ ಎಂದು ಕೇಳಿರಲಿಲ್ಲ. ತುಳುವಿನಲ್ಲಿ ‘ಇತ್ತೆ’ ಅಂದರೆ ‘ಈಗ’. ಅಲ್ಲಿ ಕೂತಿದ್ದ ಮುಕ್ಕಾಲು ಜನರಿಗೆ ಹುಟ್ಟಿನಿಂದ ತುಳು ಬರುತ್ತದೆ. ಆದರೆ ಕಾಲೇಜಿನ ನೋಟೀಸನ್ನು ತುಳುವಿನಲ್ಲಿ ಓದಬೇಕೆಂದು ಯಾರಿಗೆ ಹೊಳೆಯಬೇಕು?

‘ಏಳಿ ಮಾರಾಯ್ರೆ, ನಿಜ ಇದು. ಬೀಳ್ಕೊಡುಗೆ ಈಗಲೇ’ ಎಂದೆ.

ಎಲ್ಲರೂ ನಕ್ಕರು. ನಾನು ನಿಜ ಹೇಳುವವನ ಅನುಕರಣೆಯನ್ನೂ ಚೆನ್ನಾಗಿ ಮಾಡುತ್ತೇನೆ ಎಂದರು.

ಕಛೇರಿಗೆ ಓಡಿದೆ. ಪ್ರಾಂಶುಪಾಲರು ಕಾಲೇಜಿನ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು. ಕ್ಯಾಂಟೀನಿಗೆ ಮಾಡಿದ್ದು. ಆ ಕಡೆಯಿಂದ ಕಾಕನ ಸ್ವರ ನನಗೂ ಕೇಳುತ್ತಿತ್ತು: ‘ಅರ್ಧ ಗೋಳಿಬಜೆ ಬಿಟ್ಟು ಓಡಿ ಹೋಗಿ ಈಗ ಪ್ರಿನ್ಸಿಪಾಲ್ ಆಗಿ ಫೋನ್ ಮಾಡುದಾ ನೀನು? ಹೋಗು ಮಾರಾಯ, ನಂಗೆ ಕೆಲಸ ಉಂಟು.’

ಪ್ರಾಂಶುಪಾಲರು ರಿಸೀವರನ್ನು ನನ್ನ ಕಡೆ ಚಾಚಿದರು. ‘ತಗೊ. ನಾನು ನಾನೇ ಅಂತ ನೀನೇ ಹೇಳು.’

ಹೇಳಿದೆ. ‘ಹಾಂ, ಈಗ ನಿನ್ನದೇ ಸ್ವರ ಬಂತು ನೋಡು’ ಎಂದು ಕಾಕ ಫೋನ್ ಇಟ್ಟರು.

ಹಾಲಿನಲ್ಲಿ ಸಂಚಾಲಕರು ಮೊದಲ ಸಾಲಿನಲ್ಲಿ ಒಬ್ಬರೇ ಕೂತು ವಾಚು ನೋಡುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವರ ಹಿಂದೆ ಅಷ್ಟೂ ಪ್ಲಾಸ್ಟಿಕ್ ಕುರ್ಚಿಗಳು ಖಾಲಿ. ಇನ್ನು ಅರ್ಧ ಗಂಟೆಯಲ್ಲಿ ಅವರು ಹೊರಡುತ್ತಾರೆ. ಅಕ್ಕ ಒಳಗೆ ಕೂರುವುದೇನೋ ಕೂರಬಹುದು, ಕುರ್ಚಿಗಳ ಜೊತೆ.

ಅಷ್ಟರಲ್ಲಿ ಅಕ್ಕನೇ ಬಂದರು, ಸಂಚಾಲಕರಿಗೆ ಕೊಟ್ಟ ಚಹಾದ ಖಾಲಿ ಲೋಟ ಹಿಡಿದು. ‘ಎಂತ ಸರ್? ಮುಖ ಹೀಗೆ?’

ಪ್ರಾಂಶುಪಾಲರು ಮೇಜಿನ ಮೇಲಿದ್ದ ಶಾಲನ್ನು ಫೈಲಿನಿಂದ ಮುಚ್ಚಲು ನೋಡಿದರು, ಆಗಲಿಲ್ಲ. ವಿಷಯ ಹೇಳಿದರು. ಯಾರಿಂದ ಹೀಗಾಯಿತೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು. ಆಮೇಲೆ ಕಪಾಟಿನಿಂದ ನೋಟೀಸು ಪುಸ್ತಕ ತೆಗೆದು ಅವರ ಮುಂದೆ ಬಿಡಿಸಿಟ್ಟರು.

‘ಬರೀರಿ ಸರ್.’

‘ನಿಮ್ಮದೇ ಬೀಳ್ಕೊಡುಗೆಗೆ ನೀವೇ ಹೋಗಿ ಕರೆಯುದಾ ಅಕ್ಕ?’

‘ಮತ್ತೆ ಯಾರು ಹೋಗುದು? ಇವನಾ?’

ಅವರು ಬರೆದರು. ಅಕ್ಕ ಪುಸ್ತಕ ಎತ್ತಿಕೊಂಡು ನನಗೆ ‘ನಡಿ, ಕೊಡೆ ಹಿಡಿ, ಬಿಸಿಲುಂಟು. ಬಾಯಿ ಮಾತ್ರ ತೆರಿಬೇಡ’ ಎಂದರು.

ಮೈದಾನದಲ್ಲಿ ತ್ರೋಬಾಲ್ ಹುಡುಗಿಯರು ಅಕ್ಕನ ಎದೆಯ ಮೇಲಿನ ಪುಸ್ತಕ ನೋಡಿಯೇ ಚೆಂಡು ಕೆಳಗಿಟ್ಟರು. ನಾಯಕಿ ಓದಿದಳು, ಸಹಿ ಹಾಕಿದಳು, ಎಲ್ಲರೂ ಬೂಟು ಬಿಚ್ಚದೆ ಹಾಲಿನ ಕಡೆ ನಡೆದರು. ಕ್ಯಾಂಟೀನಿನಲ್ಲಿ ಕಾಕ ಒಲೆ ಆರಿಸಿ, ಕೈ ಒರೆಸಿ, ಸಹಿ ಹಾಕಿ, ‘ಹಾಗಾದ್ರೆ ಫೋನಲ್ಲಿ ಮಾತಾಡಿದ್ದು?’ ಎಂದರು. ‘ಪ್ರಿನ್ಸಿಪಾಲ್’ ಎಂದರು ಅಕ್ಕ. ಕಾಕನ ಮುಖ ನೋಡಬೇಕಿತ್ತು. ಬೆಂಚಿನವನು ನನ್ನ ಕಡೆ ತಿರುಗದೆ ಹೊರಟ. ಹಿಂದೆಯೇ ಇಡೀ ಕ್ಯಾಂಟೀನ್.

ರಸ್ತೆಗೆ ಬರುವಾಗ ಕಡಬದ ಬಸ್ಸು ಹೊರಟೇಬಿಟ್ಟಿತ್ತು. ರಾಮಕುಂಜ ಕಡೆಯ ಹುಡುಗರೆಲ್ಲ ಅದರೊಳಗೆ. ಅಕ್ಕ ರಸ್ತೆ ಮಧ್ಯಕ್ಕೆ ಹೋಗಿ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದರು. ಬಸ್ಸು ನಿಂತಿತು. ಮೊದಲು ಇಳಿದವನು ಕಂಡಕ್ಟರ್.

‘ಎಂತ ಅಕ್ಕ, ನೋಟೀಸಾ?’

‘ಹೌದು. ನೀನೂ ನಮ್ಮ ಕಾಲೇಜಿನವನೇ ಅಲ್ವಾ? ಓದು. ಗಟ್ಟಿ ಓದು.’

ಅವನು ಫುಟ್‌ಬೋರ್ಡಿನಲ್ಲಿ ನಿಂತು ಓದಿದ. ಸಹಿಯನ್ನೂ ಹಾಕಿದ, ಟಿಕೇಟಿನ ಪೆನ್ನಿನಿಂದ. ನಮ್ಮವರು ಇಳಿದರು; ಅವರ ಜೊತೆ, ಏನೋ ಜಾತ್ರೆಯೆಂದು ತಿಳಿದು, ಸಂಬಂಧವೇ ಇಲ್ಲದ ಇಬ್ಬರು ಅಜ್ಜಿಯರು ಕೂಡ.

ಹಾಲ್ ತುಂಬಿತು. ಕುರ್ಚಿ ಸಾಲದೆ ನಾನು ಗೋಡೆಗೆ ಒರಗಿ ನಿಂತೆ. ವೇದಿಕೆಯ ಮೇಲೆ ಅಕ್ಕ ಕುರ್ಚಿಯ ತುದಿಯಲ್ಲಿ, ಈಗ ಏಳುತ್ತೇನೆ ಎಂಬ ಹಾಗೆ ಕೂತಿದ್ದರು. ಎರಡು ಸಲ ಎದ್ದೂಬಿಟ್ಟರು, ಒಮ್ಮೆ ಹಾರದ ತಟ್ಟೆ ಹಿಡಿಯಲು, ಒಮ್ಮೆ ಕಿಟಕಿ ಮುಚ್ಚಲು. ಎರಡು ಸಲವೂ ಪ್ರಾಂಶುಪಾಲರು ಕೈಹಿಡಿದು ಕೂರಿಸಿದರು. ಸಂಚಾಲಕರು ಶಾಲು ಹೊದಿಸಿ, ಸಮಯದ ಅಭಾವದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಅಕ್ಕನನ್ನು ಎರಡು ಮಾತು ಹೇಳಲು ಕರೆದರು.

ಅಕ್ಕ ಮೈಕಿನ ಮುಂದೆ ತಲೆ ತಗ್ಗಿಸಿ ನಿಂತರು. ಅಳುತ್ತಾರೆ ಎಂದುಕೊಂಡೆವು, ಕನ್ನಡ ಮೇಡಮ್ ಆಗಲೇ ಕರವಸ್ತ್ರ ತೆಗೆದಿದ್ದರು. ಅಕ್ಕ ನೋಟೀಸು ಪುಸ್ತಕ ಬಿಡಿಸಿ, ತಮ್ಮ ಬೀಳ್ಕೊಡುಗೆಯ ನೋಟೀಸನ್ನು ಓದಿದರು. ಬಂದ ಸ್ವರ ಕನ್ನಡ ಮೇಡಮ್ಮಿನದು. ನಡುಕ, ನಿಟ್ಟುಸಿರು ಎಲ್ಲ ಸೇರಿ. ಮೇಡಮ್ಮಿನ ಕರವಸ್ತ್ರ ಅರ್ಧದಲ್ಲಿ ನಿಂತಿತು. ಮತ್ತೊಮ್ಮೆ ಓದಿದರು, ಅರ್ಥಶಾಸ್ತ್ರದ ಸರ್ ಜಗಳಕ್ಕೆ ಬಂದರು. ಮೂರನೆಯ ಸಲ ಬರೀ ‘ಹ್ಞೂಂ’ ಎಂದು ನಿಲ್ಲಿಸಿದ್ದೇ ತಡ, ಪ್ರಾಂಶುಪಾಲರು ಮೇಜಿಗೆ ತಲೆಯಿಟ್ಟು ನಕ್ಕರು. ಬಾಗಿಲಲ್ಲಿ ಸಂಚಾಲಕರ ಡ್ರೈವರ್ ಎರಡು ಸಲ ಇಣುಕಿದ. ಸಂಚಾಲಕರು ಕೈಸನ್ನೆಯಲ್ಲಿ ಅವನನ್ನು ಓಡಿಸಿದರು.

‘ಇನ್ನೊಬ್ಬ ಉಂಟು’ ಎಂದರು ಅಕ್ಕ.

ಸ್ವಲ್ಪ ಕೆಮ್ಮಿದರು. ಅಂಗಿಯ ಕಾಲರ್ ಸರಿಮಾಡುವ ಹಾಗೆ ಸೆರಗು ಎಳೆದುಕೊಂಡರು. ಬಾಯಿ ತೆರೆಯುವ ಮೊದಲು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಯಾರು ನಗಲು ತಯಾರಿದ್ದಾರೆ ಎಂದು ಹುಡುಕುವ ಹಾಗೆ. ಒಬ್ಬ ಸಿಕ್ಕಿದ ಕೂಡಲೇ ಮುಖ ಅರಳಿತು. ಇನ್ನೂ ಒಂದಕ್ಷರ ಆಡಿರಲಿಲ್ಲ. ಇಡೀ ಹಾಲ್ ಕಿರುಚುತ್ತಿತ್ತು. ನಾನೂ ನಗುತ್ತ ಪಕ್ಕದಲ್ಲಿ ನಿಂತಿದ್ದ ಬೆಂಚಿನವನನ್ನು ಕೇಳಿದೆ, ‘ಇದು ಯಾರದ್ದು ಮಾರಾಯ?’

ಅವನಿಗೆ ಉತ್ತರಿಸಲು ಉಸಿರಿರಲಿಲ್ಲ. ಬೆರಳಿನಿಂದ ನನ್ನ ಎದೆಗೆ ಚುಚ್ಚಿದ.

ಎಲ್ಲ ಮುಗಿದು ಜನ ಊಟಕ್ಕೆ ಹೋದ ಮೇಲೆ ಅಕ್ಕ ಕುರ್ಚಿ ಜೋಡಿಸಿಡಲು ಬಗ್ಗಿದ್ದರು. ನಾನು ಕಸಿದುಕೊಂಡು ಜೋಡಿಸತೊಡಗಿದೆ. ಅವರು ಮೊದಲ ಸಾಲಿನಲ್ಲಿ, ಸಂಚಾಲಕರ ಕುರ್ಚಿಯಲ್ಲೇ, ಶಾಲು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ಈ ಸಲ ಬೆನ್ನು ಒರಗಿಸಿ.

‘ಎಷ್ಟು ವರ್ಷದಿಂದ ಮಾಡ್ತೀರಿ ಅಕ್ಕ ಇದು?’

‘ಬಾಗಿಲಲ್ಲಿ ನಿಂತು ನಿಂತು ಮತ್ತೆ ಎಂತ ಮಾಡುದು? ಆದ್ರೆ ಇಲ್ಲಿ ಮಾಡಿದ್ದು ಇವತ್ತೇ. ಮನೆಯಲ್ಲಿ ಮಾತ್ರ ಮಾಡುದು, ರಾತ್ರಿ ಊಟಕ್ಕೆ ಕೂತಾಗ. ನಮ್ಮ ಯಜಮಾನ್ರು ಒಬ್ಬರೇ ನೋಡುದು.’ ಅಕ್ಕ ಕಾಲು ಚಾಚಿದರು. ‘ಅವರಿಗೆ ನೀನಂದ್ರೆ ಭಾರೀ ಇಷ್ಟ.’

ಅವರ ಯಜಮಾನರನ್ನು ನಾನು ಒಂದು ದಿನವೂ ನೋಡಿರಲಿಲ್ಲ.