ಎಂಟು ದಿನ ಚಿಕ್ಕವಳು

1976ರ ಜೂನ್ ತಿಂಗಳ ಒಂದು ಸೋಮವಾರ, ಬಸವಕಲ್ಯಾಣದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಕೇಳಿಕೊಂಡು ಹೋಗಿದ್ದ ಮುಡಬಿಯ ಹೆಂಗಸಿಗೆ ಅಲ್ಲಿನ ಗುಮಾಸ್ತರು ಅರ್ಜಿಯನ್ನು ಮರಳಿ ಕೊಟ್ಟರು. ನಲವತ್ತು ದಾಟಿದವರನ್ನು ತೆಗೆದುಕೊಳ್ಳುವಂತಿರಲಿಲ್ಲ. ಆಕೆಗೆ ಆಗ ಮೂವತ್ತೊಂಬತ್ತು. ಗುಮಾಸ್ತರು ಮುಖ ನೋಡಿ, ‘ಐವತ್ತಕ್ಕ ಒಂದೂ ಕಮ್ಮಿ ಇಲ್ಲ, ಹೋಗಜ್ಜಿ’ ಅಂದಿದ್ದರು.

ಆಕೆಯನ್ನು ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನಲ್ಲ. ಅವಳು ಮತ್ತು ನನ್ನ ಅವ್ವ ಕೊಹಿನೂರು ಎಂಬ ಹಳ್ಳಿಯ ಎದುರುಬದುರು ಮನೆಗಳಲ್ಲಿ ಎಂಟು ದಿನದ ಅಂತರದಲ್ಲಿ ಹುಟ್ಟಿದವರು. ಅವ್ವ ಮೊದಲು. ಹೆತ್ತವಳಿಗೆ ಹಾಲು ಬರದೆ, ಎಂಟು ದಿನ ಆಡಿನ ಹಾಲಿನ ಮೇಲೆ ಉಳಿದ ಅವ್ವನಿಗೆ ಎದುರುಮನೆಯ ಬಾಣಂತಿ ತನ್ನ ಕೂಸಿನ ಜೊತೆಗೆ ಎದೆ ಕೊಟ್ಟಳು. ನಿಜಾಮರ ಕಾಲ. ಹುಟ್ಟಿದ್ದನ್ನು ಯಾರೂ ಬರೆದಿಡಲಿಲ್ಲ, ಶಾಲೆಗೂ ಹಾಕಲಿಲ್ಲ. ಒಬ್ಬಳ ವಯಸ್ಸಿಗೆ ಇನ್ನೊಬ್ಬಳೇ ಸಾಕ್ಷಿ.

1956ರಲ್ಲಿ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ನಾನು ಹುಟ್ಟಿದೆ. ಅಷ್ಟರಲ್ಲಿ ಅವ್ವ ಹುಮನಾಬಾದಿನ ಬಟ್ಟೆ ಅಂಗಡಿಯವರ ಮನೆ ಸೇರಿದ್ದಳು, ಚಿಗವ್ವ ಮುಡಬಿಯ ಒಣ ಬೇಸಾಯದ ಮನೆ. ಇಬ್ಬರ ಮುಖಗಳು ಬೇರೆಯಾಗುತ್ತ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವ್ವ ಹೊತ್ತೇರಿದ ಮೇಲೆ ಹೊರಗೆ ಕಾಲಿಡುತ್ತಿರಲಿಲ್ಲ. ಮಾಣಿಕನಗರದ ಗುಡಿಗೆ ಹೋಗುವಾಗಲೂ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಅಂಗಡಿಸಾಲಿನ ನೆರಳು ಹಿಡಿದೇ ನಡೆಯುವಳು. ಸ್ನಾನಕ್ಕೆ ಕಡಲೆಹಿಟ್ಟು, ಕೈಕಾಲಿಗೆ ಕುಸುಬಿ ಎಣ್ಣೆ, ಉಂಡ ಮೇಲೆ ಒಂದು ತಾಸು ನಿದ್ದೆ. ಒಲೆ ಹೋಗಿ ಸೀಮೆಎಣ್ಣೆಯ ಸ್ಟೌ ಬಂದು ಹತ್ತು ವರ್ಷವಾಗಿತ್ತು.

ಚಿಗವ್ವ ಕತ್ತಲಿರುವಾಗಲೇ ಏಳುವಳು. ಕಳೆ ತೆಗೆಯುವುದರಿಂದ ಹಿಡಿದು ಜೋಳದ ರಾಶಿಯ ತನಕ ಹೊಲದಲ್ಲಿಯೇ ಇರುವಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಹುಬ್ಬಿನ ನಡುವೆ ಎರಡು ಗೆರೆ ನಿಂತುಬಿಟ್ಟಿದ್ದವು. ಸಂಜೆ ತೊಗರಿಕಟ್ಟಿಗೆಯ ಹೊಗೆಗೆ ಮುಖ ಕೊಟ್ಟು ರೊಟ್ಟಿ ಬಡಿಯುವಳು. ಜೊತೆಗೆ ಮಿಶ್ರಿ. ಹುರಿದು ಪುಡಿ ಮಾಡಿದ ತಂಬಾಕನ್ನು ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕಿ, ತುಟಿ ಒಳಗೆಳೆದುಕೊಂಡು ಕೂಡುವಳು. ಬಾಯಿಯ ಸುತ್ತ ಚೀಲದ ಬಾಯಿ ದಾರದಿಂದ ಬಿಗಿದಂತೆ ನೆರಿಗೆ. ನಗು ಮಾತ್ರ ಅವ್ವನಿಗಿಂತ ದೊಡ್ಡದು.

ಆ ಕೆಲಸ ಆಕೆಗೆ ಬೇಕಾಗಿದ್ದದ್ದು ನೆರಳಿಗಾಗಿ ಅಲ್ಲ. ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಹೆಣ್ಣುಮಕ್ಕಳಿದ್ದರು. ಅಡುಗೆಯವಳ ಮಕ್ಕಳು ಹಾಸ್ಟೆಲಿನಲ್ಲಿಯೇ ಇದ್ದು ಶಾಲೆ ಕಲಿಯಬಹುದಿತ್ತು. ಇಲ್ಲದಿದ್ದರೆ ದೊಡ್ಡವಳು ಆ ಮಳೆಗಾಲಕ್ಕೇ ಕೂಲಿಗೆ ಹೊರಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅರ್ಜಿಗೆ ಕೊನೆಯ ದಿನ ಶನಿವಾರ.

ಶುಕ್ರವಾರ ಚಿಗವ್ವ ನಮ್ಮ ಮನೆಗೆ ಬಂದಳು. ಅವ್ವ ಸಾಕ್ಷಿಗೆ ಬರಲು ಒಪ್ಪಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ, ವಯಸ್ಸು ಕಡಿಮೆ ಕಾಣಲಿ ಎಂದು, ಚಿಗವ್ವನನ್ನು ಕೂರಿಸಿ ಮುಖದ ತುಂಬ ಸ್ನೋ ಬಳಿದು, ಮೇಲೆ ಪೌಡರ್ ಹಚ್ಚಿದಳು. ಕೈ ಹೇಗೂ ಡಬ್ಬಿಯಲ್ಲಿತ್ತು, ತಾನೂ ಹಚ್ಚಿಕೊಂಡಳು.

‘ಗೋಡಿಗಿ ಸುಣ್ಣಾ ಹೊಡದಂಗ ಹೊಡ್ಯಾಕತ್ತಿಯಲ್ಲ, ಯಕ್ಕಾ,’ ಅಂದಳು ಚಿಗವ್ವ.

‘ಸುಮ್ನ ಕೂಡು. ನಗಬ್ಯಾಡ, ಬಿರೀತದ.’

ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಸೆಕೆ. ಬಸವಕಲ್ಯಾಣದಲ್ಲಿ ಇಳಿಯುವಷ್ಟರಲ್ಲಿ ಬೆವರು ಪೌಡರನ್ನೆಲ್ಲ ಗೆರೆಗಳೊಳಗೆ ಇಳಿಸಿತ್ತು. ಮುಖದ ಮೇಲೆ ಒಂದೊಂದು ನೆರಿಗೆಯನ್ನೂ ಬಳಪದಿಂದ ತಿದ್ದಿದಂತಿತ್ತು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಏನಜ್ಜಿ, ಇವತ್ತ ಮಗಳನ್ನ ಕರ್ಕೊಂಡು ಬಂದಿಯೇನು?’

‘ಮಗಳಲ್ರೀ ಸಾಹೇಬ್ರ. ಈಕಿ ನನಗಿಂತ ಎಂಟು ದಿನ ದೊಡ್ಡಾಕಿ. ಇಬ್ಬರೂ ನಮ್ಮವ್ವನ ಹಾಲೇ ಕುಡದೇವಿ.’

‘ಎಂಟು ದಿನ?’ ಅವರು ಅವ್ವನ ಕಡೆ ತಿರುಗಿದರು. ‘ಖರೇ ಏನ್ರೀ ಬಾಯಿ?’

‘ಹೌದ್ರಿ. ನನಗೂ ಮೂವತ್ತೊಂಬತ್ತೇ,’ ಅಂದಳು ಅವ್ವ. ತುಟಿಯ ತುದಿಯಲ್ಲಿ ನಗು ತಡೆದಿದ್ದಳು.

‘ನೋಡ್ರಿ, ಒಳಗೊಳಗ ಹ್ಯಾಂಗ ನಗಾಕತ್ತಾಳ,’ ಅಂದಳು ಚಿಗವ್ವ. ‘ಯಕ್ಕಾ, ನನ್ನ ನೌಕರಿ ಹೋಗಾಕತ್ತದ, ನೀ ಖುಷಿ ಪಡಾಕತ್ತಿ!’

ಗುಮಾಸ್ತರೂ ನಕ್ಕರು, ಆದರೆ ಒಪ್ಪಲಿಲ್ಲ. ಒಬ್ಬಾಕೆ ಮೂವತ್ತರಂತೆ, ಇನ್ನೊಬ್ಬಾಕೆ ಐವತ್ತರಂತೆ ಇದ್ದಾಗ ತಾನೇನು ಬರೆಯಬೇಕು ಎಂದು ಕೇಳಿದರು. ಕೊನೆಗೆ, ಸಂಜೆ ಐದರೊಳಗೆ ದವಾಖಾನೆಯ ಲೇಡಿ ಡಾಕ್ಟರರಿಂದ ವಯಸ್ಸಿನ ಸರ್ಟಿಫಿಕೇಟು ತಂದರೆ ಅರ್ಜಿ ಇಟ್ಟುಕೊಳ್ಳುವುದಾಗಿ ಹೇಳಿದರು.

ಡಾಕ್ಟರ್ ಮಧ್ಯವಯಸ್ಸಿನವರು, ಮಾತು ಕಡಿಮೆ. ಮೊದಲು ಬಕೆಟ್ಟು ತೋರಿಸಿ ಮುಖ ತೊಳೆದುಕೊಂಡು ಬರಲು ಹೇಳಿದರು. ಹಲ್ಲು ನೋಡಿ, ‘ಮಿಶ್ರಿ ಎಷ್ಟು ವರ್ಷದಿಂದ?’ ಎಂದು ಕೇಳಿದರು.

‘ಮದುವಿ ಆದಾಗಿಂದರಿ. ಅತ್ತಿ ಕಲಿಸಿದಳು.’

‘ಸಣ್ಣ ಮಗು?’

‘ಆರು ವರ್ಷದ್ದರಿ. ಮುಟ್ಟು ಇನ್ನೂ ಬರತದರಿ.’

ಆಮೇಲೆ ಅವರು ಒಂದು ಕೆಲಸ ಮಾಡಿದರು. ಇಬ್ಬರನ್ನೂ ಕಿಟಕಿಯ ಹತ್ತಿರ ನಿಲ್ಲಿಸಿ, ಕುಪ್ಪಸದ ತೋಳನ್ನು ಭುಜದ ತನಕ ಏರಿಸಲು ಹೇಳಿದರು. ನಮ್ಮ ಕಡೆ ಕುಪ್ಪಸದ ತೋಳು ಮೊಣಕೈಗೆ ಬರುತ್ತದೆ. ಹೊಲದಲ್ಲಿಯೂ ಅದನ್ನು ಯಾರೂ ಏರಿಸುವುದಿಲ್ಲ. ಚಿಗವ್ವನ ಮೊಣಕೈ ಕೆಳಗೆ ಕಪ್ಪು ಮಣ್ಣಿನ ಹೆಂಟೆಯಂತಿದ್ದ ಚರ್ಮ ಕುಪ್ಪಸದ ಅಂಚಿರುತ್ತಿದ್ದ ಜಾಗಕ್ಕೆ ಬಂದು ಗೀಟು ಎಳೆದಂತೆ ನಿಂತುಹೋಗಿತ್ತು. ಮೇಲೆ, ಒಳತೋಳಿನ ಚರ್ಮ ನಯವಾಗಿತ್ತು, ಒಂದು ಗೆರೆಯಿರಲಿಲ್ಲ. ಡಾಕ್ಟರ್ ಇಬ್ಬರ ತೋಳುಗಳನ್ನೂ ಜೊತೆಗೆ ಹಿಡಿದು, ಹೆಬ್ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಎರಡೂ ಒಂದೇ ಹೊತ್ತಿಗೆ ಮೊದಲಿನಂತಾದವು.

‘ಮುಖದ ಮ್ಯಾಲಿಂದು ಬಿಸಿಲು, ಹೊಗಿ, ತಂಬಾಕು. ವಯಸ್ಸು ನೋಡಬೇಕಂದ್ರ ಬಿಸಿಲು ಬೀಳದ ಕಡೆ ನೋಡಬೇಕು,’ ಅಂದರು. ಮತ್ತೊಮ್ಮೆ ಮುಟ್ಟಿ ನೋಡಿ, ‘ತೋಳು ಈಕೀದೇ ಬಿಗಿ ಅದ,’ ಎಂದು ಚಿಗವ್ವನನ್ನು ತೋರಿಸಿದರು.

‘ಡಾಕ್ಟರ್ ಬಾಯಾರ, ಇನ್ನೊಮ್ಮೆ ಹೇಳ್ರಿ,’ ಅಂದಳು ಚಿಗವ್ವ. ‘ಈಕಿಗಿ ಕೇಳಿಸಿಲ್ಲ.’

‘ಕೇಳಸ್ತು, ಕೇಳಸ್ತು,’ ಎಂದು ಅವ್ವ ತೋಳು ಇಳಿಸಿಕೊಂಡಳು. ಡಾಕ್ಟರ್ ಮುಖ ತಿರುಗಿಸಿಕೊಂಡು ನಕ್ಕದ್ದು ನನಗೆ ಕಾಣಿಸಿತು.

ಸರ್ಟಿಫಿಕೇಟಿನಲ್ಲಿ ‘ನಲವತ್ತು ಮೀರಿಲ್ಲ’ ಎಂದು ಬರೆದಿತ್ತು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಗುಮಾಸ್ತರು ಅದನ್ನು ಎರಡು ಸಲ ಓದಿ ಅರ್ಜಿಗೆ ಲಗತ್ತಿಸಿದರು. ‘ಅಜ್ಜಿ’ ಅನ್ನಲಿಲ್ಲ. ‘ಸೋಮವಾರ ಬರ್ರಿ ಅಕ್ಕಾರ, ರೊಟ್ಟಿ ಬಡದು ತೋರಸ್ಬೇಕು,’ ಅಂದರು.

ಸೋಮವಾರ ಚಿಗವ್ವ ನಲವತ್ತು ಹುಡುಗಿಯರಿಗಾಗುವಷ್ಟು ಜೋಳದ ರೊಟ್ಟಿ ಬಡಿದಳು. ಜುಲೈಯಲ್ಲಿ ಕೆಲಸಕ್ಕೆ ಸೇರಿದಳು. ದೊಡ್ಡ ಮಗಳು ಐದನೆಯ ತರಗತಿಗೆ, ಚಿಕ್ಕವಳು ಒಂದನೆಯ ತರಗತಿಗೆ ಹೆಸರು ಹಚ್ಚಿದರು. 1985ರಲ್ಲಿ ದೊಡ್ಡವಳು ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಮರುವರ್ಷದ ಬೇಸಿಗೆಯಲ್ಲಿ ಚಿಕ್ಕವಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು; ಪಾಸಾಗಿದ್ದಳು.