ಅರಸೀಕೆರೆ ಅಂತ ಕರೆಸಿಕೊಳ್ಳುತ್ತಿದ್ದ ಸಿಪಾಯಿ

ಭಾನುವಾರ ಬಂತೆಂದರೆ ಕಮಲಾಕ್ಷಮ್ಮ ಟೇಪ್ ರೆಕಾರ್ಡರನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಅರಸೀಕೆರೆಯಲ್ಲಿ ಬಸ್ಸು ಹತ್ತುವರು. ಹಳೇಬೀಡು, ಹುಲಿಕೆರೆ, ಬೇಲೂರು, ಎಲ್ಲೇ ವಯಸ್ಸಾದ ಮಾಜಿ ಸೈನಿಕರಿದ್ದಾರೆಂದು ತಿಳಿದರೂ ಹೋಗಿ ಅವರ ಕಥೆಯನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಬರುವರು. ಟೀಚರಮ್ಮನಿಗೆ ಇದೆಂಥ ಹುಚ್ಚು ಎಂದವರಿಗೆ, “ಅವರೆಲ್ಲ ಹೋದಮೇಲೆ ಯಾರು ಹೇಳ್ತಾರೆ?” ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಗೆ ಹೋಗಿ ಬಾರದ ಗಂಡ ಏಕಾಂತಯ್ಯನನ್ನು ಅಲ್ಲಿ ಕಂಡವರೊಬ್ಬರು ಸಿಕ್ಕಾರೆಂಬ ಆಸೆಯೂ ಜೊತೆಗೇ ಬಸ್ಸು ಹತ್ತುತ್ತಿತ್ತು. ಮದುವೆಯಾದ ಮೇಲೆ ಆತ ಮನೆಯಲ್ಲಿದ್ದದ್ದು ಒಂದು ರಜೆಯಷ್ಟು ಕಾಲ, ಅದೂ ನೆಂಟರ ಗದ್ದಲದ ನಡುವೆ.

ತೊಂಬತ್ತೆಂಟರ ಮಾಗಿಯಲ್ಲಿ ಬೇಲೂರು ಬಳಿಯ ಗೆಂಡೆಹಳ್ಳಿಯ ಜವರಪ್ಪ ಸಿಕ್ಕರು. ಅದೇ ಯುದ್ಧ, ಅದೇ ಪಶ್ಚಿಮದ ಗಡಿ. ಹೆಂಡತಿ ರಂಗಮ್ಮ ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲೇ ಕೂತರು.

“ನನ್ನ ಹತ್ರ ಒಂದಿನಾನೂ ಬಾಯಿ ಬಿಡ್ಲಿಲ್ಲ. ಈ ಡಬ್ಬ ಕಂಡೇಟ್ಗೆ ನೋಡ್ರವ್ವ, ಹೆಂಗೆ ಗಂಟ್ಲು ಸರಿ ಮಾಡ್ಕಂತೈತೆ!”

“ಸುಮ್ಕಿರೇ, ನಿನ್ನ ಮಾತೂ ಅದ್ರೊಳಗೆ ಹೋಗ್ತೈತೆ,” ಎಂದು ಗದರಿ ಜವರಪ್ಪ ಶುರುಮಾಡಿದರು. “ಕಂಪನೀಲಿ ಹೆಸ್ರು ಯಾರಿಗ್ ಬೇಕಿತ್ತವ್ವ? ಊರು ಹಿಡಿದು ಕರೆಯೋರು. ನಾನು ಬೇಲೂರು. ಇನ್ನೊಬ್ಬ ಅರಸೀಕೆರೆ. ಅವನು ವಾಪಸ್ ಬರ್ಲಿಲ್ಲ.”

ಕಮಲಾಕ್ಷಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. “ಹೇಗಿದ್ರು?”

“ಹಾಡೋನು ಕಣವ್ವ. ರಾಗಿ ಬೀಸೋ ಪದ, ಅವರವ್ವಂದಂತೆ. ಆ ಚಳೀಲಿ ಅವನು ಎತ್ಕೊಂಡ್ರೆ ಪಂಜಾಬಿನೋರೂ ತಲೆ ತೂಗೋರು.”

ಏಕಾಂತಯ್ಯ ಹಾಡುತ್ತಿದ್ದನೇ? ಅತ್ತೆಯಂತೂ ಬೀಸುವಾಗ ಹಾಡುತ್ತಿದ್ದರು. ಅಷ್ಟು ಜನರೆದುರು ಹೊಸ ಹೆಂಡತಿಗೆ ಹಾಡಿ ತೋರಿಸಲು ಆತನಿಗೆ ಪುರುಸೊತ್ತಾದರೂ ಎಲ್ಲಿತ್ತು? ಹಾಡುತ್ತಿದ್ದಿರಬಹುದು. ಕಮಲಾಕ್ಷಮ್ಮ ಆ ದನಿಗೆ ಕಿವಿಗೊಟ್ಟರು. ಕೇಳಿಸಿದಂತೆಯೂ ಆಯಿತು. ಅಲ್ಲಿಗೇ ಸುಮ್ಮನಾಗಬಹುದಿತ್ತು.

“ಆಳು ಕುಳ್ಳಗಿದ್ರಾ?”

“ಕುಳ್ಳನೆಲ್ಲಿ ಬಂತು! ತೆಂಗಿನಮರ ಇದ್ದಂಗಿದ್ದ. ಕಂದಕದಾಗೆ ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಬಿಡೋದು.”

ರಂಗಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತು. “ನಿಮ್ಮೋರಾ ತಾಯಿ?”

“ಅಲ್ಲ. ನಮ್ಮೋರು ನನ್ನಷ್ಟೇ ಎತ್ತರ ಇದ್ರು.”

ಜವರಪ್ಪನ ಮುಖ ಸಣ್ಣದಾಯಿತು. “ಹಂಗಾದ್ರೆ ಇದ್ನ ಅಳಿಸಿಬಿಡಿ.”

ಕಮಲಾಕ್ಷಮ್ಮ ಕ್ಯಾಸೆಟ್ಟನ್ನು ತೆಗೆದು ಇನ್ನೊಂದು ಮಗ್ಗುಲಿಗೆ ತಿರುವಿ ಹಾಕಿದರು. ಹಾಡು ಕಲಿಸಿದ ಆ ತಾಯಿ ಅರಸೀಕೆರೆಯ ಯಾವುದೋ ಮನೆಯಲ್ಲಿ ಇನ್ನೂ ಇದ್ದಾಳೇನೋ.

“ಆ ಪದ ನೆನಪಿದ್ದಷ್ಟು ಹೇಳಿ,” ಎಂದರು.

ಜವರಪ್ಪ ಒಡಕು ದನಿಯಲ್ಲಿ ಎತ್ತಿಕೊಂಡರು. ಈಗಷ್ಟೇ ತನ್ನವನಾಗಿದ್ದ ಆ ಹಾಡುಗಾರನನ್ನು ಬೇರೊಂದು ಮನೆಗೆ ಬಿಟ್ಟುಕೊಡುವುದು ಕಮಲಾಕ್ಷಮ್ಮನಿಗೆ ಬಲು ಕಷ್ಟವಾಯಿತು.