ಹಸಿಮರದ ರಾಣಿ

ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವವರು ಎಷ್ಟೇ ಜನ ಇರಲಿ, ಮುನವ್ವರಕ್ಕನ ಕೈಗೆ ಸಾಟಿಯಿರಲಿಲ್ಲ. ಒಂಬತ್ತು ವರ್ಷ ಅವಳ ಪಕ್ಕದ ಮಿಷನ್ನಿನಲ್ಲೇ ಕೂತವಳು ನಾನು, ಧೈರ್ಯವಾಗಿ ಹೇಳುತ್ತೇನೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಕೇದಗೆ ಎಲೆಯಿಂದ ಉಜ್ಜಿದಳೆಂದರೆ ಬೊಂಬೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಹಗೆ ಸಾಧಿಸುವುದೂ ಅಷ್ಟೇ ಚೆನ್ನಾಗಿ ಬರುತ್ತಿತ್ತು.

ಹಗೆ ಶುರುವಾದದ್ದು 2002ರಲ್ಲಿ. ಅವಳು ಕಡೆದ ಆನೆ ಅಂಬಾರಿಗೆ ಬಹುಮಾನ ಬಂತು. ಶಾಲು ಹೊದ್ದು ಪೇಪರಿನ ಫೋಟೋದಲ್ಲಿ ನಿಂತವನು ಮಾತ್ರ ನಮ್ಮ ಮಾಲೀಕ ಅನಂತರಾಜು. ಮಾಡಿದವರು ಎನ್ನುವಲ್ಲಿಯೂ ಅವನದೇ ಹೆಸರು. ಮುನವ್ವರಕ್ಕ ಪೇಪರ್ ಹಿಡಿದುಕೊಂಡೇ ಹೋದಳು.

“ನನ್ ಹೆಸ್ರು ಎಲ್ಲೈತೆ ಸಾವ್ಕಾರ್ರೆ?”

“ನಿನ್ ಹೆಸ್ರು ತಗಂಡು ಯಾರ್ ಏನ್ಮಾಡ್ತಾರಮ್ಮ? ಹೋಗು, ಕೆಲ್ಸ ನೋಡೋಗು,” ಎಂದು ಅವನು ಎಲ್ಲರೆದುರು ನಕ್ಕ.

ಆ ನಗುವಿಗೆ ನನಗೇ ಮೈ ಉರಿಯಿತು. ಅವಳು ಬಂದು ಮಿಷನ್ ಹಾಕಿದಳು. ಆಮೇಲೆ ಐದು ವರ್ಷ ಅವನ ಮುಖ ನೋಡಿ ಮಾತಾಡಲಿಲ್ಲ.

ಅಷ್ಟರಲ್ಲಿ ಬಿಡದಿ ಸುತ್ತ ಕಾರ್ಖಾನೆಗಳೆದ್ದವು. ಅಂಥ ಕಾರ್ಖಾನೆಯ ಒಡೆಯರೊಬ್ಬರು ಮಾಗಡಿ ದಾರಿಯ ಹಳೇ ಬಂಗಲೆಯೊಂದನ್ನು ಕೊಂಡು, ಸುಣ್ಣಬಣ್ಣ ಮಾಡಿಸಿ ಕಲಾ ಗ್ಯಾಲರಿ ಮಾಡಿದರು. ನಡುಮನೆಯಲ್ಲಿ ಇಡಲು ಮೊಳದುದ್ದದ ರಾಣಿ ಬೊಂಬೆ ಬೇಕೆಂದರು. ಅನಂತರಾಜು ಒಪ್ಪಿಕೊಂಡು ಬಂದ, ಕೆಲಸ ಮುನವ್ವರಕ್ಕನ ತಲೆಗೆ ಬಿತ್ತು.

ಹಾಲೆ ಮರವನ್ನು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸದೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಹಸಿಮರ ಅರಗಿನೊಳಗೇ ಒಣಗಿ ಸೀಳಿಹೋಗುತ್ತದೆ. ಅವಳು ಹಿಂದಿನ ವಾರ ಕಡಿದು ತಂದ ದಿಮ್ಮಿಯನ್ನೇ ಎತ್ತಿಕೊಂಡಳು.

“ಅಕ್ಕ, ಅದು ಹಸಿ,” ಎಂದೆ.

“ಗೊತ್ತು ಕಣೆ ಲತಾ. ದೊಡ್ ಮನುಷ್ಯರ ಮುಂದೆ ಅವ್ನ ಹೆಸ್ರು ಬಿರಿಬೇಕು. ನೀನು ಬಾಯ್ ಮುಚ್ಕಂಡಿರು.”

ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು.

ಬೊಂಬೆ ಬಂಗಲೆಗೆ ಹೋದ ಮೇಲೆ ನಾಲ್ಕು ತಿಂಗಳು ಕಾದು, ಒಂದು ಭಾನುವಾರ ಇಬ್ಬರೂ ಬಸ್ ಹತ್ತಿದೆವು. ಅವಳು ರಂಜಾನಿಗೆ ಕೊಂಡ ಸೀರೆ ಉಟ್ಟಿದ್ದಳು. ಬಂಗಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ಕಾವಲಿನವನು ಬೇಡ ಎಂದರೂ ಮತ್ತೆ ಮೆಟ್ಟಿಕೊಳ್ಳಲು ಮನಸ್ಸು ಬರಲಿಲ್ಲ. ತೇಗದ ತೊಲೆ, ಬಣ್ಣದ ಗಾಜಿನ ಕಿಟಕಿ, ಗೋಡೆಯ ತುಂಬ ಚಿತ್ರ. ಅವಳು ಒಂದನ್ನೂ ನೋಡದೆ ನೆಟ್ಟಗೆ ನಡುಮನೆಗೆ ನಡೆದಳು.

ಗಾಜಿನ ಪೆಟ್ಟಿಗೆಯೊಳಗೆ ರಾಣಿ ಕತ್ತಿನಿಂದ ಸೊಂಟದವರೆಗೆ ಸೀಳಿಹೋಗಿದ್ದಳು. ಬಿರುಕಿನೊಳಗೆ ಬೆರಳು ಹೋಗುವಂತಿತ್ತು.

“ನೋಡೆ, ಹೆಂಗೆ ಬಿರ್ದೈತೆ!” ಎಂದು ಮುನವ್ವರಕ್ಕ ನನ್ನ ತೋಳು ಹಿಂಡಿದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಯಾವತ್ತೂ ಕಂಡಿರಲಿಲ್ಲ. “ಕೆಳ್ಗೆ ಬರ್ದವ್ರಲ್ಲ, ಓದು. ಅವ್ನ ಹೆಸ್ರು ಗಟ್ಟಿಯಾಗಿ ಓದು.”

ಬಗ್ಗಿ ಓದಿದೆ. ಗಟ್ಟಿಯಾಗಿ ಹೇಳಲು ನನ್ನಿಂದ ಆಗಲಿಲ್ಲ. “ಅಕ್ಕ, ಕಲಾವಿದೆ ಮುನವ್ವರಾ, ಚನ್ನಪಟ್ಟಣ ಅಂತ ಐತೆ.”

ಅವಳು ನಂಬಲಿಲ್ಲ. ನಾಲ್ಕನೇ ಕ್ಲಾಸಿನ ಓದು ಅವಳದು. ಗಾಜಿಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಕಾವಲಿನವನು ಹತ್ತಿರ ಬಂದ.

“ಮಾಡ್ದವ್ರ ಹೆಸ್ರು ಕೊಡ್ದಿದ್ರೆ ನಮ್ ಸಾಹೇಬ್ರು ಯಾವ್ ಸಾಮಾನೂ ಇಡಾಕಿಲ್ಲ ಕಣಮ್ಮ. ಬೊಂಬೆ ತಂದವ್ರು ಒಲ್ಲದ ಮನ್ಸಲ್ಲೇ ಬರ್ಸುದ್ರು. ಈಗ ನೋಡಿ, ಬಂದವ್ರೆಲ್ಲ ಬಿರುಕು ನೋಡಿ, ಈ ಹೆಸ್ರು ಓದಿ ನಗ್ತಾವ್ರೆ. ನೀವೂ ಚನ್ನಪಟ್ಟಣದವ್ರಂಗೆ ಕಾಣ್ತೀರಿ. ಯಾರಮ್ಮ ಈ ಮುನವ್ವರಾ?”

ನಾನು ಅವಳ ಮುಖ ನೋಡಿದೆ. ಅವಳು ಗಾಜಿನಿಂದ ಬೆರಳು ತೆಗೆದು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ಗೊತ್ತಿಲ್ಲ ಕಣಪ್ಪ,” ಎಂದಳು. “ಯಾರೋ ಕೆಲ್ಸ ಬಾರದೋಳು.”